‘ಕಿಕ್‌ಸ್ಟಾರ್ಟ್ ಫೈಲ್ ಸಿಗ್ತಿಲ್ಲ’ ಅಂತ ಇನ್‌ಸ್ಟಾಲೇಷನ್ ನಿಂತುಬಿಟ್ಟರೆ: ಎನ್‌ಎಫ್‌ಎಸ್ ಶೇರ್‌ನಲ್ಲಿ ತಪ್ಪು ಹುಡುಕುವ ಬಗೆ

"ಸರ್ರ, ಫೈಲ್ ಅಲ್ಲೇ ಅದ, ಆದ್ರ ಸಿಗವಲ್ದು ಅಂತದ." ಕಲಬುರಗಿಯ ಕಾಲೇಜು ಲ್ಯಾಬುಗಳಿಂದ, ಬೀದರ್, ಯಾದಗಿರಿಯ ಸಣ್ಣಪುಟ್ಟ ಆಫೀಸುಗಳಿಂದ ನನಗೆ ಬರುವ ಫೋನುಗಳಲ್ಲಿ ಈ ಮಾತೇ ಜಾಸ್ತಿ. ಇಪ್ಪತ್ತು ಮೂವತ್ತು ಯಂತ್ರಗಳಿಗೆ ಒಂದೊಂದಾಗಿ ಪೆನ್ ಡ್ರೈವ್ ಚುಚ್ಚಿ ಕೂರೋದು ಬೇಡ ಅಂತ ಎಲ್ಲರೂ ನೆಟ್‌ವರ್ಕ್ ಮೇಲಿಂದ ಲಿನಕ್ಸ್ ತಾನೇ ಇನ್‌ಸ್ಟಾಲ್ ಆಗುವ ಏರ್ಪಾಡು ಮಾಡಿಕೊಳ್ಳುತ್ತಾರೆ. ಮೊದಲ ದಿನವೇ ಇಲ್ಲಿ ಬಂದು ಸಿಕ್ಕಿಕೊಳ್ಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಫೈಲ್ ಸಿಗಲಿಲ್ಲ’ ಅಂದರೆ ಫೈಲ್ ಇಲ್ಲ ಅಂತಲ್ಲ. ಅದರ ತನಕ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಬಾಗಿಲು ಮುಚ್ಚಿದೆ. ಆ ದಾರಿಯನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಕೂತು ನೋಡಿದರೆ ಎಲ್ಲ ಸರಿ ಇರುವ ಹಾಗೇ ಕಾಣುತ್ತದೆ. ಇನ್‌ಸ್ಟಾಲರ್ ನಿಂತಿರುವ ಜಾಗದಿಂದಲೇ ನಡೆದು ನೋಡಬೇಕು.

ಕಮಾಂಡುಗಳನ್ನು ಫೋನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಹಾಕಿ. 192.168.10.5 ಅಂತ ಬರೆದ ಕಡೆ ನಿಮ್ಮ ಸರ್ವರಿನ ವಿಳಾಸ ಬರಲಿ.

ಕೆಲವು ಪದಗಳು

ಕಿಕ್‌ಸ್ಟಾರ್ಟ್ ಅಂದರೆ ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆಲ್ಲ ಮೊದಲೇ ಉತ್ತರ ಬರೆದಿಟ್ಟ ಟೆಕ್ಸ್ಟ್ ಫೈಲ್. ಭಾಷೆ, ಡಿಸ್ಕ್ ಭಾಗ ಮಾಡುವುದು, ಪಾಸ್‌ವರ್ಡ್, ಪ್ಯಾಕೇಜುಗಳು ಎಲ್ಲ ಅದರಲ್ಲೇ ಇರುತ್ತವೆ. ರೆಡ್ ಹ್ಯಾಟ್ ಮತ್ತು ಅದರ ಬಳಗದ ಆಲ್ಮಾ, ರಾಕಿ, ಫೆಡೋರಾಗಳಲ್ಲಿ ಇದನ್ನು ಓದುವ ಇನ್‌ಸ್ಟಾಲರ್‌ಗೆ ಅನಕೊಂಡ ಅಂತ ಹೆಸರು.

ಎನ್‌ಎಫ್‌ಎಸ್ ಅಂದರೆ ಒಂದು ಕಂಪ್ಯೂಟರಿನ ಫೋಲ್ಡರನ್ನು ಇನ್ನೊಂದು ಕಂಪ್ಯೂಟರ್ ತನ್ನದೇ ಅನ್ನುವ ಹಾಗೆ ಬಳಸುವ ವ್ಯವಸ್ಥೆ. ಸನ್ ಮೈಕ್ರೋಸಿಸ್ಟಮ್ಸ್ ಇದನ್ನು 1984ರಲ್ಲಿ ತಂದಿತು, ಹಳೆಯದಾದರೂ ಗಟ್ಟಿ. ಸರ್ವರ್ ಫೋಲ್ಡರನ್ನು ಹೊರಗೆ ಬಿಡುವುದು ಎಕ್ಸ್‌ಪೋರ್ಟ್, ಈ ಕಡೆಯ ಯಂತ್ರ ಅದನ್ನು ತನಗೆ ಜೋಡಿಸಿಕೊಳ್ಳುವುದು ಮೌಂಟ್. ಪಿಎಕ್ಸ್‌ಇ ಅಂದರೆ ಡಿಸ್ಕ್ ಬಿಟ್ಟು ನೆಟ್‌ವರ್ಕ್ ಕಾರ್ಡಿನಿಂದಲೇ ಬೂಟ್ ಆಗುವುದು. ಡ್ರಾಕಟ್ ಅಂದರೆ ಇನ್‌ಸ್ಟಾಲರ್ ಏಳುವ ಮೊದಲು ಬರುವ ಪುಟ್ಟ ಲಿನಕ್ಸ್, ಕಿಕ್‌ಸ್ಟಾರ್ಟ್ ಫೈಲನ್ನು ತರುವುದು ಇದೇ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ

ಕಿಕ್‌ಸ್ಟಾರ್ಟ್ ಫೈಲಲ್ಲಿ ‘ಕ್ಲಿಯರ್‌ಪಾರ್ಟ್ --ಆಲ್’ ಅನ್ನುವ ಸಾಲು ಇದೆಯಾ? ಅದು ಡಿಸ್ಕನ್ನು ಪೂರ್ತಿ ಒರೆಸುತ್ತದೆ, ಕೇಳುವುದಿಲ್ಲ. ಈಗ ಯೋಚನೆ ಮಾಡಿ: ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂತು, ಬಯೋಸ್‌ನಲ್ಲಿ (ಯಂತ್ರ ಎದ್ದ ಕೂಡಲೇ ಓಡುವ ಮೊದಲ ಪ್ರೋಗ್ರಾಂ) ನೆಟ್‌ವರ್ಕ್ ಬೂಟ್ ಮೊದಲು ಅಂತಿದೆ, ಪಿಎಕ್ಸ್‌ಇ ಮೆನುವಿನ ಡೀಫಾಲ್ಟ್ ಕಿಕ್‌ಸ್ಟಾರ್ಟ್. ಲ್ಯಾಬಿನ ಯಂತ್ರಗಳೆಲ್ಲ ಒಟ್ಟಿಗೆ ಎದ್ದು, ನೀವು ಮನೆಯಲ್ಲಿ ರೊಟ್ಟಿ ತಿನ್ನುತ್ತಿರುವಾಗ, ತಮ್ಮನ್ನು ತಾವೇ ಒರೆಸಿಕೊಂಡು ಹೊಸದಾಗಿ ಇನ್‌ಸ್ಟಾಲ್ ಆಗುತ್ತವೆ. ಆದ್ದರಿಂದ ಮೆನುವಿನ ಡೀಫಾಲ್ಟ್ ಯಾವತ್ತೂ ಲೋಕಲ್ ಡಿಸ್ಕ್ ಇರಲಿ. ಇನ್‌ಸ್ಟಾಲ್ ಬೇಕಾದಾಗ ಕೈಯಿಂದ ಆರಿಸಿ. ಪರೀಕ್ಷೆಗೆ ಡೇಟಾ ಇಲ್ಲದ ಒಂದು ಯಂತ್ರ ಇಟ್ಟುಕೊಳ್ಳಿ, ಸರ್ವರಿನ ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಪಾಸ್‌ವರ್ಡ್ ಮತ್ತು ಸ್ವಿಚ್ಚಿನ ಲಾಗಿನ್ ಹತ್ತಿರ ಇರಲಿ. ಇಷ್ಟೇ ಸಾಮಾನು.

ಹಂತ 1: ಯಂತ್ರಕ್ಕೆ ನಿಜವಾಗಿ ಏನು ಹೇಳಿದ್ದೀರಿ ನೋಡಿ

ಫೈಲ್ ಸಿಗದಿದ್ದರೆ ಡ್ರಾಕಟ್ ಸ್ವಲ್ಪ ಹೊತ್ತು ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ‘ಡ್ರಾಕಟ್:/#’ ಅನ್ನುವ ಖಾಲಿ ಪ್ರಾಂಪ್ಟ್ ಕೊಡುತ್ತದೆ. ಜನ ಇಲ್ಲಿಗೆ ಬಂದ ತಕ್ಷಣ ಗಾಬರಿಯಾಗಿ ರೀಬೂಟ್ ಒತ್ತುತ್ತಾರೆ. ಒತ್ತಬೇಡಿ. ನಿಮಗೆ ಬೇಕಾದ ಜಾಗ ಇದೇ. ಮೊದಲು ಇದನ್ನು ಹೊಡೆಯಿರಿ:

ಕ್ಯಾಟ್ /ಪ್ರಾಕ್/ಸಿಎಂಡಿಲೈನ್

ಬೂಟ್ ಆಗುವಾಗ ಯಂತ್ರಕ್ಕೆ ಸಿಕ್ಕ ಸಾಲು ಇದು. ಇದರಲ್ಲಿ ಎರಡು ತುಂಡುಗಳನ್ನು ಹುಡುಕಿ:

ಇನ್‌ಸ್ಟ್.ಕೆಎಸ್=ಎನ್‌ಎಫ್‌ಎಸ್:192.168.10.5:/ಎಸ್‌ಆರ್‌ವಿ/ಕೆಎಸ್/ಲ್ಯಾಬ್.ಕೆಎಸ್
ಇನ್‌ಸ್ಟ್.ರೆಪೊ=ಎನ್‌ಎಫ್‌ಎಸ್:192.168.10.5:/ಎಸ್‌ಆರ್‌ವಿ/ಆಲ್ಮಾ9

ಮೊದಲನೆಯದು ಫೈಲಿನ ಹೆಸರಿನ ತನಕ ಇರಬೇಕು. ಎರಡನೆಯದು ಬರೀ ಫೋಲ್ಡರ್. ಮೊದಲನೆಯದನ್ನು ಓರೆಗೆರೆಯಲ್ಲಿ ನಿಲ್ಲಿಸಿದರೆ ಇನ್‌ಸ್ಟಾಲರ್ ಆ ಫೋಲ್ಡರಿನಲ್ಲಿ ತನ್ನ ಐಪಿ ವಿಳಾಸದ ಹಿಂದೆ ‘-ಕಿಕ್‌ಸ್ಟಾರ್ಟ್’ ಸೇರಿಸಿದ ಹೆಸರಿನ ಫೈಲ್ ಹುಡುಕುತ್ತದೆ, ನಿಮ್ಮ ಫೈಲನ್ನಲ್ಲ. ‘ಇನ್‌ಸ್ಟ್.’ ಅನ್ನುವ ಮುಂಭಾಗ ಇದೆಯಾ ಅಂತಲೂ ನೋಡಿ. ಹಳೇ ಕಾಲದ ಬರೀ ‘ಕೆಎಸ್=’ ರೆಡ್ ಹ್ಯಾಟ್, ಆಲ್ಮಾ, ರಾಕಿಗಳ 9ನೇ ಆವೃತ್ತಿಯಲ್ಲಿ ನಡೆಯುವುದಿಲ್ಲ. ಹಳೇ ಸಾಲನ್ನೇ ನಕಲು ಮಾಡಿಕೊಂಡವರು ಇಲ್ಲಿ ಬೀಳುತ್ತಾರೆ.

ನೀವು ಬದಲಾಯಿಸಿದ ಸಾಲು ಇಲ್ಲಿ ಕಾಣದೇ ಇದ್ದರೆ? ಬಯೋಸ್ ಯಂತ್ರಗಳು ಓದುವ ಮೆನು ಫೈಲ್ ಬೇರೆ, ಯುಇಎಫ್‌ಐ (ಬಯೋಸ್‌ನ ಹೊಸ ಬದಲಿ) ಯಂತ್ರಗಳು ಓದುವ ಗ್ರಬ್ ಮೆನು ಫೈಲ್ ಬೇರೆ. ನೀವು ಒಂದನ್ನು ತಿದ್ದಿದ್ದೀರಿ, ಯಂತ್ರ ಇನ್ನೊಂದನ್ನು ಓದುತ್ತಿದೆ.

ಹಂತ 2: ಐಪಿ ಸಿಕ್ಕಿದೆಯಾ, ಯಾರು ಕೊಟ್ಟರು

ಅದೇ ಪ್ರಾಂಪ್ಟಿನಲ್ಲಿ ‘ಐಪಿ ಎ’, ಆಮೇಲೆ ‘ಐಪಿ ಆರ್’ ಹೊಡೆಯಿರಿ. ವಿಳಾಸವೇ ಇಲ್ಲದಿದ್ದರೆ ಎನ್‌ಎಫ್‌ಎಸ್ ಬಗ್ಗೆ ಇನ್ನೂ ತಲೆ ಕೆಡಿಸಿಕೊಳ್ಳಬೇಡಿ. "ಐಪಿ ಇಲ್ಲದೇ ಇದ್ದರೆ ಪಿಎಕ್ಸ್‌ಇ ಬೂಟೇ ಆಗುತ್ತಿರಲಿಲ್ಲ ಅಲ್ವಾ?" ಅಂತ ಕೇಳುತ್ತಾರೆ. ಪಿಎಕ್ಸ್‌ಇ ತನಗೆ ಒಮ್ಮೆ ಐಪಿ ಕೇಳಿತ್ತು, ಡ್ರಾಕಟ್ ತನಗೆ ಇನ್ನೊಮ್ಮೆ ಕೇಳುತ್ತದೆ. ಮೊದಲನೆಯದು ಸಿಕ್ಕು ಎರಡನೆಯದು ಸಿಗದೇ ಇರುವುದು ಮಾಮೂಲಿ.

ಸರ್ವರ್ ಯಂತ್ರಗಳಲ್ಲಿ ಎರಡೋ ನಾಲ್ಕೋ ನೆಟ್‌ವರ್ಕ್ ಕಾರ್ಡ್ ಇರುತ್ತವೆ, ಡ್ರಾಕಟ್ ಕೇಬಲ್ ಇಲ್ಲದ ಕಾರ್ಡಿನ ಮೇಲೆ ಕಾಯುತ್ತಾ ಕೂತಿರಬಹುದು. ಬೂಟ್ ಸಾಲಿನಲ್ಲಿ ‘ಐಪಿ=ಇಎನ್‌ಒ1:ಡಿಎಚ್‌ಸಿಪಿ’ ಅಂತ ಕಾರ್ಡಿನ ಹೆಸರು ಹೇಳಿಬಿಡಿ (ಡಿಎಚ್‌ಸಿಪಿ ಅಂದರೆ ಐಪಿ ತಾನಾಗಿ ಹಂಚುವ ವ್ಯವಸ್ಥೆ).

ಸ್ವಿಚ್ಚಿನದೂ ಒಂದು ಕಥೆ. ಸ್ಪ್ಯಾನಿಂಗ್ ಟ್ರೀ ಅಂತ ಒಂದಿದೆ, ಕೇಬಲ್ ಸುತ್ತು ಬಿದ್ದು ನೆಟ್‌ವರ್ಕ್ ಮುಳುಗಬಾರದು ಅಂತ ಸ್ವಿಚ್ ಮಾಡುವ ಪರೀಕ್ಷೆ. ಅದರ ಹಳೇ ಬಗೆಯಲ್ಲಿ ಪೋರ್ಟ್ ಎದ್ದ ಮೇಲೆ 15 ಸೆಕೆಂಡ್ ಕೇಳುತ್ತದೆ, 15 ಸೆಕೆಂಡ್ ಕಲಿಯುತ್ತದೆ, ಆಮೇಲೆ ಡೇಟಾ ಬಿಡುತ್ತದೆ. ಡ್ರಾಕಟ್ ಕಾರ್ಡನ್ನು ಹೊಸದಾಗಿ ಎಬ್ಬಿಸಿದಾಗ ಈ 30 ಸೆಕೆಂಡ್ ಮತ್ತೆ ಶುರುವಾಗುತ್ತದೆ, ಅಷ್ಟರಲ್ಲಿ ಅದರ ತಾಳ್ಮೆ ಮುಗಿದಿರುತ್ತದೆ. ಆ ಪೋರ್ಟುಗಳಿಗೆ ಪೋರ್ಟ್‌ಫಾಸ್ಟ್ (ಹೀಗೆ ಕಾಯುವುದನ್ನು ಬಿಟ್ಟುಬಿಡುವ ಆಯ್ಕೆ) ಹಾಕಿ. ಸ್ವಿಚ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಬೂಟ್ ಸಾಲಿಗೆ ‘ಆರ್‌ಡಿ.ನೆಟ್.ಟೈಮ್‌ಔಟ್.ಡಿಎಚ್‌ಸಿಪಿ=60’ ಸೇರಿಸಿ.

ಇನ್ನು ಐಪಿ ಇದೆ, ಆದರೆ ನಿಮ್ಮ ಸಾಲಿನದಲ್ಲ, 192.168.0 ಅಥವಾ 192.168.1 ಅಂತೇನೋ ಇದೆ. ಲ್ಯಾಬಿನಲ್ಲಿ ಒಂದು ಸುತ್ತು ಹಾಕಿ ಬನ್ನಿ. ಮನೆಯಿಂದ ತಂದ ವೈಫೈ ರೌಟರನ್ನು ಯಾರೋ ಲ್ಯಾನ್ ಪೋರ್ಟಿನಿಂದ ಸ್ವಿಚ್ಚಿಗೆ ಚುಚ್ಚಿರುತ್ತಾರೆ, ಅದು ಧರ್ಮಕ್ಕೆ ಐಪಿ ಹಂಚುತ್ತಾ ಕೂತಿರುತ್ತದೆ. ಕಿತ್ತು ಪಕ್ಕಕ್ಕಿಡಿ.

ಹಂತ 3: ಇನ್‌ಸ್ಟಾಲರ್ ಮಾಡುವ ಕೆಲಸ ಕೈಯಿಂದ ಮಾಡಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ. ಡ್ರಾಕಟ್ ಪ್ರಾಂಪ್ಟಿನಲ್ಲೇ:

ಎಂಕೆಡಿಐಆರ್ /ಟಿಎಂಪಿ/ಎಕ್ಸ್
ಮೌಂಟ್ -ಟಿ ಎನ್‌ಎಫ್‌ಎಸ್ -ಒ ಆರ್‌ಒ,ನೋಲಾಕ್,ಎನ್‌ಎಫ್‌ಎಸ್‌ವರ್ಸ್=3 192.168.10.5:/ಎಸ್‌ಆರ್‌ವಿ/ಕೆಎಸ್ /ಟಿಎಂಪಿ/ಎಕ್ಸ್

‘ನೋಲಾಕ್’ ಬಿಡಬೇಡಿ. ಬಿಟ್ಟರೆ ಫೈಲ್ ಬೀಗ ಹಾಕುವ ಸೇವೆ ಓಡುತ್ತಿಲ್ಲ ಅಂತ ಬೇರೆಯೇ ತಕರಾರು ತೆಗೆಯುತ್ತದೆ, ನಿಮ್ಮ ಸಮಸ್ಯೆಗೂ ಅದಕ್ಕೂ ಸಂಬಂಧ ಇರುವುದಿಲ್ಲ. ಆವೃತ್ತಿ 3 ಅಂತ ಹಾಕಿದ್ದಕ್ಕೂ ಕಾರಣ ಇದೆ. ಬೂಟ್ ಸಾಲಿನಲ್ಲಿ ಬೇರೆ ಹೇಳದಿದ್ದರೆ ಇನ್‌ಸ್ಟಾಲರ್ ಎನ್‌ಎಫ್‌ಎಸ್‌ನ 3ನೇ ಆವೃತ್ತಿಯಲ್ಲೇ ಕೇಳುತ್ತದೆ. ನಿಮ್ಮ ಲ್ಯಾಪ್‌ಟಾಪ್ ಮಾತ್ರ 4ನೇ ಆವೃತ್ತಿಯಲ್ಲಿ ಕೇಳುತ್ತದೆ. "ನನ್ನ ಲ್ಯಾಪ್‌ಟಾಪಿನಲ್ಲಿ ಬರುತ್ತೆ, ಇಲ್ಲಿ ಬರಲ್ಲ" ಅನ್ನುವ ಭಾಳ ಗಲಾಟೆಗಳ ಮೂಲ ಇದೇ. ಸರ್ವರ್ 4ಕ್ಕೆ ಮಾತ್ರ ಉತ್ತರ ಕೊಡುವ ಹಾಗಿದ್ದರೆ ಬೂಟ್ ಸಾಲಿನಲ್ಲಿ ‘ಎನ್‌ಎಫ್‌ಎಸ್:ಎನ್‌ಎಫ್‌ಎಸ್‌ವರ್ಸ್=4:192.168.10.5:/...’ ಅಂತ ಹೇಳಬೇಕು.

ಮೌಂಟ್ ಏನು ಬೈಯಿತು ಅನ್ನುವುದರಿಂದ ಮುಂದಿನ ದಾರಿ ಗೊತ್ತಾಗುತ್ತದೆ. ‘ಆಕ್ಸೆಸ್ ಡಿನೈಡ್ ಬೈ ಸರ್ವರ್’ ಅಂದರೆ ಸರ್ವರ್ ತನಕ ಹೋಗಿದ್ದೀರಿ, ಅದು ನಿಮ್ಮನ್ನು ಒಳಗೆ ಬಿಡುತ್ತಿಲ್ಲ, ಹಂತ 4 ನೋಡಿ. ‘ನೋ ರೂಟ್ ಟು ಹೋಸ್ಟ್’ ಅಂದಾಗ ಎಲ್ಲರೂ ಕೇಬಲ್ ಅಲ್ಲಾಡಿಸುತ್ತಾರೆ, ಆದರೆ ಸರ್ವರಿನಿಂದ ಪಿಂಗ್ ಆಗುತ್ತಿದ್ದೂ ಈ ಮಾತು ಬಂದರೆ ಅದು ಫೈರ್‌ವಾಲಿನ (ಹೊರಗಿನಿಂದ ಬಂದ ಸಂಪರ್ಕ ತಡೆಯುವ ಕಾವಲು) ಕೆಲಸ, ಹಂತ 5. ‘ಕನೆಕ್ಷನ್ ರಿಫ್ಯೂಸ್ಡ್’ ಅಂದರೆ ಎನ್‌ಎಫ್‌ಎಸ್ ಸೇವೆಯೇ ಓಡುತ್ತಿಲ್ಲ, ಸರ್ವರಿನಲ್ಲಿ ‘ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಎನ್‌ಎಫ್‌ಎಸ್-ಸರ್ವರ್’ ಹೊಡೆಯಿರಿ. ‘ಟೈಮ್ಡ್ ಔಟ್’ ಅಂದರೆ ವಿಳಾಸ ತಪ್ಪು, ಇಲ್ಲವೇ ಸ್ವಿಚ್ಚಿನಲ್ಲಿ ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಬೇರೆ, ಇಲ್ಲವೇ ದಾರಿಯಲ್ಲಿ ಯಾವುದೋ ಫೈರ್‌ವಾಲ್ ಸದ್ದಿಲ್ಲದೆ ನುಂಗುತ್ತಿದೆ. ‘ಸ್ಟೇಲ್ ಫೈಲ್ ಹ್ಯಾಂಡಲ್’ ಬಂದರೆ ಯಾರೋ ಸರ್ವರಿನಲ್ಲಿ ಆ ಫೋಲ್ಡರನ್ನು ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಮಾಡಿದ್ದಾರೆ. ಮತ್ತೆ ಎಕ್ಸ್‌ಪೋರ್ಟ್ ಮಾಡಿ, ಹೊಸದಾಗಿ ಮೌಂಟ್ ಮಾಡಿ.

‘ನೋ ಸಚ್ ಫೈಲ್’ ಸ್ವಲ್ಪ ಮೋಸದ್ದು. 4ನೇ ಆವೃತ್ತಿಯಲ್ಲಿ ಫೋಲ್ಡರ್ ಡಿಸ್ಕಲ್ಲಿದ್ದು ಎಕ್ಸ್‌ಪೋರ್ಟ್ ಆಗದಿದ್ದರೂ ಇದೇ ಮಾತು ಬರುತ್ತದೆ. ಎಕ್ಸ್‌ಪೋರ್ಟ್ ಸಾಲಿನಲ್ಲಿ ‘ಎಫ್‌ಎಸ್‌ಐಡಿ=0’ ಅಂತಿದ್ದರೆ 4ನೇ ಆವೃತ್ತಿಗೆ ಆ ಫೋಲ್ಡರೇ ಬುಡ, ಹಾಗಾಗಿ ದಾರಿಯನ್ನು ಅಲ್ಲಿಂದ ಮುಂದಕ್ಕೆ ಮಾತ್ರ ಬರೆಯಬೇಕಾಗುತ್ತದೆ. ಆ ಆಯ್ಕೆ ಬೇಕೇ ಬೇಕು ಅನ್ನುವ ಕಾರಣ ನಿಮಗೆ ಗೊತ್ತಿಲ್ಲದಿದ್ದರೆ ತೆಗೆದುಬಿಡಿ.

ಹಂತ 4: ಎಕ್ಸ್‌ಪೋರ್ಟ್ಸ್ ಫೈಲ್ ಮತ್ತು ಆ ಒಂದು ಖಾಲಿ ಜಾಗ

ಸರ್ವರಿನಲ್ಲಿ /ಇಟಿಸಿ/ಎಕ್ಸ್‌ಪೋರ್ಟ್ಸ್ ತೆರೆಯಿರಿ. ಸರಿಯಾದ ಸಾಲು ಹೀಗಿರಬೇಕು:

/ಎಸ್‌ಆರ್‌ವಿ/ಕೆಎಸ್ 192.168.10.0/24(ಆರ್‌ಒ,ಸಿಂಕ್)

/24 ಅಂದರೆ 192.168.10ರಿಂದ ಶುರುವಾಗುವ ವಿಳಾಸಗಳೆಲ್ಲ, ಆರ್‌ಒ ಅಂದರೆ ಬರೀ ಓದು. 24 ಆದ ಮೇಲೆ ಕಂಸ ಅಂಟಿಕೊಂಡೇ ಇದೆ, ನೋಡಿದಿರಾ? ನಡುವೆ ಒಂದು ಸ್ಪೇಸ್ ಬಿಟ್ಟರೆ ಅರ್ಥವೇ ಬದಲಾಗುತ್ತದೆ. ಆಗ ನಿಮ್ಮ ನೆಟ್‌ವರ್ಕಿಗೆ ಮಾಮೂಲಿ ಆಯ್ಕೆಗಳು ಸಿಗುತ್ತವೆ, ಕಂಸದೊಳಗಿನ ಆಯ್ಕೆಗಳು ಊರಿಗೆಲ್ಲ ಸಿಗುತ್ತವೆ. ಬರೀ ಓದುವ ಶೇರ್ ಆದರೆ ಕೆಲಸ ನಡೆದುಹೋಗುತ್ತದೆ, ಅದೇ ಕೆಟ್ಟದ್ದು. ಯಾರಿಗೂ ಅನುಮಾನ ಬರುವುದಿಲ್ಲ, ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡಿನ ಗುಪ್ತ ರೂಪ) ಇರುವ ಫೈಲ್ ಎಲ್ಲರಿಗೂ ತೆರೆದಿರುತ್ತದೆ. ಕಂಸದಲ್ಲಿ ಆರ್‌ಡಬ್ಲ್ಯೂ ಅಂತಿದ್ದರಂತೂ ಯಾರು ಬೇಕಾದರೂ ಬಂದು ಬರೆಯಬಹುದು. ನಾನೂ ಒಂದು ಲ್ಯಾಬಿನಲ್ಲಿ ಈ ಸ್ಪೇಸ್ ಹುಡುಕಲು ಇಡೀ ಮಧ್ಯಾಹ್ನ ಕಳೆದಿದ್ದೇನೆ, ಕಣ್ಣಿಗೆ ಕಾಣುವ ತಪ್ಪಲ್ಲ ಅದು.

ಎರಡನೇ ತಪ್ಪು ‘192.168.10.*’ ಅಂತ ನಕ್ಷತ್ರ ಹಾಕುವುದು. ನಕ್ಷತ್ರ ಇರುವುದು ಯಂತ್ರದ ಹೆಸರುಗಳಿಗೆ, ಐಪಿಗಲ್ಲ. ಒಮ್ಮೊಮ್ಮೆ ಅದೃಷ್ಟಕ್ಕೆ ನಡೆಯುತ್ತದೆ, ಡಿಎನ್‌ಎಸ್ (ಹೆಸರಿಗೂ ಐಪಿಗೂ ಗಂಟು ಹಾಕುವ ವ್ಯವಸ್ಥೆ) ಸರಿಮಾಡಿದ ದಿನ ನಿಲ್ಲುತ್ತದೆ. ಯಾವಾಗಲೂ /24 ಬಗೆಯಲ್ಲೇ ಬರೆಯಿರಿ.

ಫೈಲ್ ತಿದ್ದಿದ ಮೇಲೆ ‘ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ’ ಹೊಡೆಯದೇ ಇದ್ದರೆ ತಿದ್ದಿದ್ದು ಕಾಗದದ ಮೇಲಷ್ಟೇ. ಆಮೇಲೆ ‘ಎಕ್ಸ್‌ಪೋರ್ಟ್‌ಎಫ್‌ಎಸ್ -ವಿ’ ಹೊಡೆದರೆ ಸರ್ವರ್ ಈಗ ಏನನ್ನು, ಯಾರಿಗೆ, ಹೇಗೆ ಬಿಡುತ್ತಿದೆ ಅಂತ ತೋರಿಸುತ್ತದೆ. ಫೈಲನ್ನು ನಂಬಬೇಡಿ, ಇದನ್ನು ನಂಬಿ.

ಹಂತ 5: ಫೈರ್‌ವಾಲ್

ಎನ್‌ಎಫ್‌ಎಸ್‌ನ 3ನೇ ಆವೃತ್ತಿಗೆ ಒಂದು ಪೋರ್ಟ್ (ಇಲ್ಲಿ ಸ್ವಿಚ್ಚಿನ ತೂತಲ್ಲ, ಸೇವೆಯ ಬಾಗಿಲಿನ ಸಂಖ್ಯೆ) ಸಾಲದು. ಎನ್‌ಎಫ್‌ಎಸ್‌ಗೆ 2049, ಯಾವ ಸೇವೆ ಎಲ್ಲಿದೆ ಅಂತ ಹೇಳುವ ಆರ್‌ಪಿಸಿ-ಬೈಂಡ್‌ಗೆ 111, ಮೌಂಟ್ ಕೋರಿಕೆ ಕೇಳುವ ಮೌಂಟ್‌ಡಿಗೆ ರೆಡ್ ಹ್ಯಾಟ್ ಬಳಗದಲ್ಲಿ 20048. ಮೂರನ್ನೂ ತೆರೆಯಿರಿ:

ಫೈರ್‌ವಾಲ್-ಸಿಎಂಡಿ --ಪರ್ಮನೆಂಟ್ --ಆ್ಯಡ್-ಸರ್ವಿಸ್=ಎನ್‌ಎಫ್‌ಎಸ್
ಫೈರ್‌ವಾಲ್-ಸಿಎಂಡಿ --ಪರ್ಮನೆಂಟ್ --ಆ್ಯಡ್-ಸರ್ವಿಸ್=ಮೌಂಟ್‌ಡಿ
ಫೈರ್‌ವಾಲ್-ಸಿಎಂಡಿ --ಪರ್ಮನೆಂಟ್ --ಆ್ಯಡ್-ಸರ್ವಿಸ್=ಆರ್‌ಪಿಸಿ-ಬೈಂಡ್
ಫೈರ್‌ವಾಲ್-ಸಿಎಂಡಿ --ರೀಲೋಡ್

ಕೊನೆಯ ಸಾಲು ಮರೆತರೆ ಇವತ್ತು ಕೆಲಸ ಮಾಡಲ್ಲ. ‘ಪರ್ಮನೆಂಟ್’ ಮರೆತರೆ ಆ ಹೊತ್ತಿಗೆ ಮಾಡುತ್ತದೆ, ರೀಲೋಡ್ ಹೊಡೆದ ಮೇಲೆ ಅಥವಾ ಕರೆಂಟ್ ಹೋಗಿ ಬಂದ ಮೇಲೆ ಮಾಡಲ್ಲ. ‘ಶೋಮೌಂಟ್ -ಇ 192.168.10.5’ ಪಟ್ಟಿ ತೋರಿಸಿತು ಅಂತ ಖುಷಿಪಡಬೇಡಿ, ಅದು 111 ಮತ್ತು ಮೌಂಟ್‌ಡಿ ತೆರೆದಿವೆ ಅಂತ ಮಾತ್ರ ಹೇಳುತ್ತದೆ, 2049ರ ಸುದ್ದಿಗೇ ಹೋಗುವುದಿಲ್ಲ. ಫೈರ್‌ವಾಲನ್ನು ಎರಡು ನಿಮಿಷ ನಿಲ್ಲಿಸಿ ನೋಡುವುದು ತಪ್ಪಲ್ಲ. ನಿಲ್ಲಿಸಿ ಮರೆಯುವುದು ತಪ್ಪು.

ಹಂತ 6: ಮೌಂಟ್ ಆಯಿತು, ಓದಲು ಬಿಡುತ್ತಿಲ್ಲ

ಇದು ನನಗೆ ಇಷ್ಟದ ತಪ್ಪು, ಯಾಕಂದರೆ ಬುದ್ಧಿವಂತರೇ ಇದರಲ್ಲಿ ಬೀಳುತ್ತಾರೆ. ಒಂದು ಯಂತ್ರವನ್ನು ಕೈಯಿಂದ ಇನ್‌ಸ್ಟಾಲ್ ಮಾಡಿದರೆ ಅನಕೊಂಡ ನೀವು ಕೊಟ್ಟ ಉತ್ತರಗಳನ್ನೆಲ್ಲ ರೂಟ್‌ನ ಮನೆ ಫೋಲ್ಡರಿನಲ್ಲಿ ‘ಅನಕೊಂಡ-ಕೆಎಸ್.ಸಿಎಫ್‌ಜಿ’ ಅಂತ ಬರೆದಿಡುತ್ತದೆ. ಅದನ್ನೇ ತಂದು ಶೇರ್‌ನಲ್ಲಿ ಹಾಕುವುದು ಜಾಣತನ. ಆದರೆ ಆ ಫೈಲಿನ ಅನುಮತಿ 600, ಅಂದರೆ ರೂಟ್ ಬಿಟ್ಟು ಬೇರೆ ಯಾರೂ ಓದುವಂತಿಲ್ಲ. ಇನ್‌ಸ್ಟಾಲರ್ ಕೂಡ ರೂಟ್ ತಾನೇ? ತನ್ನ ಯಂತ್ರದಲ್ಲಿ ಹೌದು. ಎನ್‌ಎಫ್‌ಎಸ್ ಮಾತ್ರ ಹೊರಗಿನಿಂದ ಬಂದ ರೂಟನ್ನು ‘ನೋಬಡಿ’ ಅನ್ನುವ ಹೆಸರಿಲ್ಲದ ಬಳಕೆದಾರನನ್ನಾಗಿ ಮಾಡಿಬಿಡುತ್ತದೆ. ಇದಕ್ಕೆ ರೂಟ್ ಸ್ಕ್ವಾಶ್ ಅನ್ನುತ್ತಾರೆ, ಇದೇ ಡೀಫಾಲ್ಟ್. ನೋಬಡಿಗೆ 600 ಫೈಲ್ ಓದಲು ಆಗಲ್ಲ. ಫೋಲ್ಡರ್ ಪಟ್ಟಿಯಲ್ಲಿ ಫೈಲ್ ಕಾಣುತ್ತದೆ, ಕ್ಯಾಟ್ ಮಾಡಿದರೆ ‘ಪರ್ಮಿಷನ್ ಡಿನೈಡ್’.

ಪರಿಹಾರ ಸರಳ: ‘ಸಿಎಚ್‌ಮಾಡ್ 644 /ಎಸ್‌ಆರ್‌ವಿ/ಕೆಎಸ್/ಲ್ಯಾಬ್.ಕೆಎಸ್’, ಫೋಲ್ಡರಿಗೆ 755, ಆಗ ಎಲ್ಲರೂ ಓದಬಹುದು. ‘ನೋ_ರೂಟ್_ಸ್ಕ್ವಾಶ್ ಹಾಕಿ’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಒಂದು ಫೈಲ್ ಓದಲಿಕ್ಕೆ ಮನೆ ಕೀಲಿ ಕೊಟ್ಟ ಹಾಗಾಗುತ್ತದೆ. 644 ಮಾಡಿದ ಮೇಲೆ ಆ ಶೇರ್ ಇನ್‌ಸ್ಟಾಲ್ ನಡೆಯುವ ನೆಟ್‌ವರ್ಕಿಗೆ ಮಾತ್ರ ಕಾಣುವಂತಿರಲಿ, ಒಳಗೆ ಪಾಸ್‌ವರ್ಡ್ ಇದ್ದ ಹಾಗೇ ಓದುವಂತೆ ಇರದೆ ಹ್ಯಾಶ್ ಆಗಿರಲಿ.

ಹಂತ 7: ನಿನ್ನೆ ಚಲೋ ಇತ್ತು, ಇವತ್ತು ಫೋಲ್ಡರ್ ಖಾಲಿ

ಕಿಕ್‌ಸ್ಟಾರ್ಟ್ ಸಿಕ್ಕಿತು, ಆದರೆ ಇನ್‌ಸ್ಟಾಲೇಷನ್ ಸಾಮಾನು ಸಿಗಲಿಲ್ಲ. ಜಾಸ್ತಿ ಜನ ಐಎಸ್‌ಒ ಫೈಲನ್ನು (ಇನ್‌ಸ್ಟಾಲೇಷನ್ ಡಿವಿಡಿಯ ಪೂರ್ತಿ ನಕಲು) ‘ಮೌಂಟ್ -ಒ ಲೂಪ್’ ಮಾಡಿ ಆ ಫೋಲ್ಡರನ್ನು ಎಕ್ಸ್‌ಪೋರ್ಟ್ ಮಾಡಿರುತ್ತಾರೆ. ಕರೆಂಟ್ ಹೋಗಿ ಸರ್ವರ್ ಮತ್ತೆ ಎದ್ದಾಗ ಆ ಲೂಪ್ ಮೌಂಟ್ ತಾನಾಗಿ ಬರುವುದಿಲ್ಲ. ಉಳಿಯುವುದು ಖಾಲಿ ಫೋಲ್ಡರ್, ಅದನ್ನೇ ಸರ್ವರ್ ಪ್ರಾಮಾಣಿಕವಾಗಿ ಹಂಚುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಏನೇನು ಮೌಂಟ್ ಆಗಬೇಕು ಅನ್ನುವ ಪಟ್ಟಿ) ಒಂದು ಸಾಲು ಹಾಕಿದರೆ ಈ ಕಾಟ ಮುಗಿಯಿತು.

ಸರ್ವರಿನಲ್ಲಿ ತುಂಬಿದ ಫೋಲ್ಡರ್, ಇನ್‌ಸ್ಟಾಲ್ ಆಗುವ ಯಂತ್ರದಿಂದ ನೋಡಿದರೆ ಖಾಲಿ? ಆಗ ನೀವು ಮೇಲಿನ /ಎಸ್‌ಆರ್‌ವಿ ಎಕ್ಸ್‌ಪೋರ್ಟ್ ಮಾಡಿದ್ದೀರಿ, ಐಎಸ್‌ಒ ಅದರ ಒಳಗಿನ ಫೋಲ್ಡರಿನಲ್ಲಿ ಮೌಂಟ್ ಆಗಿದೆ. ಎನ್‌ಎಫ್‌ಎಸ್ ಒಂದು ಫೈಲ್ ವ್ಯವಸ್ಥೆಯ ಗಡಿ ದಾಟಿ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಒಳಗಿನದನ್ನೂ ಬೇರೆ ಸಾಲಿನಲ್ಲಿ ಎಕ್ಸ್‌ಪೋರ್ಟ್ ಮಾಡಿ, ಅಥವಾ ಮೇಲಿನ ಸಾಲಿಗೆ ‘ಕ್ರಾಸ್‌ಎಂಎನ್‌ಟಿ’ ಸೇರಿಸಿ.

ಲೂಪ್ ಬೇಡ ಅಂತ ನಕಲು ಮಾಡಿಟ್ಟವರಿಗೆ ಬೇರೆ ಗುಂಡಿ ಇದೆ. ‘ಸಿಪಿ -ಆರ್ /ಎಂಎನ್‌ಟಿ/*’ ಅಂದರೆ ಚುಕ್ಕೆಯಿಂದ ಶುರುವಾಗುವ ಫೈಲುಗಳು ಬರುವುದಿಲ್ಲ. ‘.ಟ್ರೀಇನ್ಫೋ’ ಅನ್ನುವ ಫೈಲ್ ಅಲ್ಲೇ ಉಳಿಯುತ್ತದೆ, ಅದಿಲ್ಲದೆ ಇನ್‌ಸ್ಟಾಲರ್‌ಗೆ ಇದು ಇನ್‌ಸ್ಟಾಲೇಷನ್ ಮರ (ಸಾಮಾನೆಲ್ಲ ಇರುವ ಫೋಲ್ಡರ್) ಅಂತ ಗೊತ್ತಾಗುವುದಿಲ್ಲ. ‘ಸಿಪಿ -ಎ /ಎಂಎನ್‌ಟಿ/. /ಎಸ್‌ಆರ್‌ವಿ/ಆಲ್ಮಾ9/’ ಅನ್ನಿ, ಎಂಎನ್‌ಟಿ ಆದ ಮೇಲಿನ ಓರೆಗೆರೆ ಮತ್ತು ಚುಕ್ಕೆ ಎರಡೂ ಬೇಕು. ಪಿಎಕ್ಸ್‌ಇಗೆ ಕೊಡುವ ಕರ್ನಲ್ (ಲಿನಕ್ಸಿನ ತಿರುಳು) ಕೂಡ ಅದೇ ಐಎಸ್‌ಒದಿಂದ ಬಂದಿರಲಿ, 9.2ರ ಕರ್ನಲಿಗೆ 9.4ರ ಮರ ಕೊಟ್ಟರೆ ಮಾಡ್ಯೂಲುಗಳು (ಕರ್ನಲಿನ ಡ್ರೈವರ್ ತುಂಡುಗಳು) ಹೊಂದುವುದಿಲ್ಲ.

ಹಂತ 8: ಫೈಲ್ ಸಿಕ್ಕಿತು, ಅದರೊಳಗೇ ತಪ್ಪು

ವಿಂಡೋಸ್‌ನಲ್ಲಿ ನೋಟ್‌ಪ್ಯಾಡಿನಿಂದ ಹೊಸದಾಗಿ ಬರೆದ ಫೈಲಲ್ಲಿ ಸಾಲಿನ ಕೊನೆಗೆ ಕಾಣದ ಒಂದು ಅಕ್ಷರ ಜಾಸ್ತಿ ಇರುತ್ತದೆ. ‘ಡಾಸ್2ಯುನಿಕ್ಸ್’ ಓಡಿಸಿ ತೆಗೆಯಿರಿ. ಆಮೇಲೆ ಪೈಕಿಕ್‌ಸ್ಟಾರ್ಟ್ ಪ್ಯಾಕೇಜಿನ ‘ಕೆಎಸ್‌ವ್ಯಾಲಿಡೇಟರ್’ ಕೊಟ್ಟರೆ ಎಷ್ಟನೇ ಸಾಲು ತಪ್ಪು ಅಂತ ಹೇಳುತ್ತದೆ. ಇನ್‌ಸ್ಟಾಲರ್ ಪರದೆ ಬಂದ ಮೇಲೆ ನಿಂತರೆ ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ಶೆಲ್‌ಗೆ ಹೋಗಿ, /ಟಿಎಂಪಿ ಒಳಗೆ ಅನಕೊಂಡ.ಲಾಗ್ ಮತ್ತು ಪ್ಯಾಕೇಜಿಂಗ್.ಲಾಗ್ ಇರುತ್ತವೆ.

ಆದರೂ ಗೊತ್ತಾಗದಿದ್ದರೆ

ಸರ್ವರಿನಲ್ಲಿ ಪ್ಯಾಕೆಟ್‌ಗಳನ್ನು ನೋಡಿ:

ಟಿಸಿಪಿಡಂಪ್ -ಎನ್‌ಐ ಇಎನ್‌ಒ1 ಹೋಸ್ಟ್ 192.168.10.57

ಕೊನೆಯ ವಿಳಾಸ ತೊಂದರೆ ಕೊಡುವ ಯಂತ್ರದ್ದು. ಅದನ್ನು ಬೂಟ್ ಮಾಡಿ ಪರದೆ ನೋಡುತ್ತಾ ಕೂರಿ. ಏನೂ ಬರಲಿಲ್ಲವಾ, ಹಂತ 2ಕ್ಕೆ ವಾಪಸ್ ಹೋಗಿ. 111ಕ್ಕೆ ಬಂದು ಸುಮ್ಮನಾಯಿತಾ, ಫೈರ್‌ವಾಲ್. 2049ರಲ್ಲಿ ಮಾತುಕತೆ ನಡೆಯುತ್ತಿದೆಯಾ, ಹಾಗಾದರೆ ದಾರಿ ಸರಿ ಇದೆ, ಹಂತ 6ರಿಂದ ನೋಡಿ.

ಆಮೇಲೂ ನನ್ನನ್ನು ಕೇಳಬೇಕು ಅನಿಸಿದರೆ ಕೇಳಿ, ಆದರೆ ‘ಬರವಲ್ದು’ ಅಂತ ಒಂದೇ ಮಾತು ಕಳಿಸಬೇಡಿ. ಸಿಎಂಡಿಲೈನ್ ಸಾಲಿನ ಫೋಟೋ, ಕೈಯಿಂದ ಮೌಂಟ್ ಮಾಡಿದಾಗ ಬಂದ ಬೈಗುಳದ ಫೋಟೋ, ಸರ್ವರಿನ ‘ಎಕ್ಸ್‌ಪೋರ್ಟ್‌ಎಫ್‌ಎಸ್ -ವಿ’ ಉತ್ತರ, ಈ ಮೂರು ಇರಲಿ. ಪಾಸ್‌ವರ್ಡ್ ಹ್ಯಾಶ್ ಇರುವ ಸಾಲು ಮುಚ್ಚಿ ಕಳಿಸಿ.